ಸೋತ ಮೇಲಿನ ಹತ್ತು ನಿಮಿಷ

(ಇಚಲಕರಂಜಿಯಲ್ಲಿ ಮಗ್ಗದ ಕೆಲಸಗಾರ ಕುಟುಂಬಗಳ ಭಾನುವಾರದ ಅನ್ಯೋನ್ಯ ಕೂಟದಲ್ಲಿ ಒಬ್ಬ ನಿವೃತ್ತ ಜಾಬರ್ ಮಾಡಿದ ಭಾಷಣ)



ಈ ಸಲದ ಕೂಟದಲ್ಲಿ ಮೊಬೈಲಿನ ಆಟದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಮ್ಮ ತಾಯಂದಿರು ಕೇಳಿಕೊಂಡರು. ಮೊದಲು ನನಗೆ ನಗು ಬಂತು. 38 ವರ್ಷ ಮಗ್ಗಗಳ ನಡುವೆ ಕಳೆದವನು ನಾನು. ಯಾವ ಮಗ್ಗಕ್ಕೆ ಏನು ಕೆಟ್ಟಿದೆ ಎಂಬುದನ್ನು ಅದರ ಸದ್ದಿನಿಂದಲೇ ಹೇಳಬಲ್ಲೆನು. ಆದರೆ ಹುಡುಗರು ಮೊಬೈಲು ಹಿಡಿದು ಏನು ಮಾಡುತ್ತಾರೆಂಬುದು ಕಳೆದ ವರ್ಷದವರೆಗೆ ನನಗೆ ತಿಳಿದಿರಲಿಲ್ಲ. ಆದರೂ ಒಪ್ಪಿಕೊಂಡೆನು. ಯಾಕೆಂದರೆ ನಮ್ಮ ಮನೆಯಲ್ಲಿಯೇ ಒಂದು ಸಂಗತಿ ನಡೆಯಿತು. ಅದರಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬನು. ಅದನ್ನೇ ಮೊದಲು ಹೇಳಿಬಿಡುತ್ತೇನೆ, ಕೇಳಿರಿ.

ನನ್ನ ಮಗಳ ಮಗ ನಮ್ಮಲ್ಲಿಯೇ ಇದ್ದಾನೆ. 19 ವರ್ಷ. ಹಗಲು ಪಾಳಿಯಲ್ಲಿ ಮಗ್ಗ ನಡೆಸುತ್ತಾನೆ. ರಾತ್ರಿ ಊಟ ಮಾಡಿ ಅಟ್ಟ ಹತ್ತಿದನೆಂದರೆ ಮಲಗಿದನೆಂದೇ ನಾವು ತಿಳಿದಿದ್ದೆವು. ಕಳೆದ ಮಳೆಗಾಲದ ಒಂದು ರಾತ್ರಿ, ಒಂದೂವರೆ ಗಂಟೆ ಇರಬಹುದು, ಅಟ್ಟದಿಂದ ಒಂದು ಕೂಗು, ಅದರ ಹಿಂದೆಯೇ ಧಡ್ ಎಂಬ ಸದ್ದು. ಕಳ್ಳರೆಂದು ಕೋಲು ಹಿಡಿದು ಮೇಲೆ ಹೋದೆನು. ಮೊಬೈಲು ಗೋಡೆಗೆ ಬಡಿದು ಮೂಲೆಯಲ್ಲಿ ಬಿದ್ದಿತ್ತು. ಅದರ ಗಾಜು ಜೇಡರ ಬಲೆಯ ಹಾಗೆ ಸೀಳಿತ್ತು. ಕಂತಿನ ಮೇಲೆ ತಂದ ಮೊಬೈಲು, ಇನ್ನೂ ಏಳು ಕಂತು ಬಾಕಿ. ಹುಡುಗನು ಹಾಸಿಗೆಯ ಮೇಲೆ ಕುಳಿತಿದ್ದನು, ಕೈಗಳು ನಡುಗುತ್ತಿದ್ದವು.

"ಏನಾತೋ?" ಎಂದೆನು.

"ಸೋತೆ ಅಜ್ಜಾ. ನಾಕನೇ ಸಲ" ಎಂದನು.

ಅದೇ ದಿನ ನಾನು ಒಂದು ಕಡೆ ರಿಪೇರಿ ಮಾಡಿದ ಕೂಲಿ ಕೇಳಲು ಹೋಗಿ ಬರಿಗೈಯಲ್ಲಿ ಬಂದಿದ್ದೆನು. ಕೊಡಬೇಕಾದವರು ನಾಳೆ ಬಾ ಎಂದಿದ್ದರು. ಅದು ಮೂರನೆಯ ನಾಳೆ. ಅಲ್ಲಿ ಆಡಲಾರದ ಮಾತು ಹೊಟ್ಟೆಯಲ್ಲಿಯೇ ಇತ್ತು. ಕೈ ಎತ್ತಿ ಹುಡುಗನ ಕೆನ್ನೆಗೆ ಹೊಡೆದೆನು. ನನಗಿಂತ ಒಂದು ಗೇಣು ಎತ್ತರದ ಹುಡುಗ, ನಿನ್ನೆ ಮೊನ್ನೆ ದುಡಿದು ಮನೆಗೆ ದುಡ್ಡು ತಂದುಕೊಟ್ಟವನು. ಅವನು ಏನೂ ಅನ್ನಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದನು: "ಅಜ್ಜಾ, ನಾ ಮೊಬೈಲ್ ಒಗದೆ, ನೀ ನನಗ ಹೊಡದಿ. ಇಬ್ಬರೊಳಗ ಫರಕ್ ಏನೈತಿ?"

ಅವನು ಹೋದ ಮೇಲೂ ನಾನು ಚಹದ ಬಟ್ಟಲು ಹಿಡಿದುಕೊಂಡೇ ಕುಳಿತಿದ್ದೆನು. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎಂದು ನಮ್ಮ ಹೆಂಗಸರು ಅನ್ನುತ್ತಾರಲ್ಲ, ಆ ರಾತ್ರಿ ನಮ್ಮ ಅಟ್ಟದಲ್ಲಿ ಕೊತ್ತಿಗಳು ಎರಡಿದ್ದವು: ಒಂದು ಮೊಬೈಲು, ಒಂದು ಹುಡುಗ.

ಆ ಭಾನುವಾರ ಅವನನ್ನು ಕರೆದು, ಆ ಆಟವನ್ನು ನನಗೆ ಕಲಿಸು ಎಂದೆನು. ಹಿರಿಯರಿಗಾಗಿ ಅದರ ಪರಿಚಯ ಸ್ವಲ್ಪ ಹೇಳುತ್ತೇನೆ. ಇವುಗಳಲ್ಲಿ ಹೆಸರಾದದ್ದು ಪಬ್‌ಜಿ. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ, ಬಂದೂಕು ಹುಡುಕಿಕೊಂಡು ಒಬ್ಬರನ್ನೊಬ್ಬರು ಹೊಡೆಯುತ್ತಾರೆ, ಆಡುವ ಜಾಗ ಗಳಿಗೆ ಗಳಿಗೆಗೆ ಕಿರಿದಾಗುತ್ತದೆ, ಕೊನೆಗೆ ಉಳಿದವರು ಗೆದ್ದವರು. 2020ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. 2021ರಲ್ಲಿ ಬಿಜಿಎಂಐ ಎಂಬ ಹೆಸರಿನಿಂದ ಬಂತು. 2022ರ ಜುಲೈಯಲ್ಲಿ ಅದನ್ನೂ ತಡೆದರು. 2023ರ ಮೇ ತಿಂಗಳಲ್ಲಿ ಮತ್ತೆ ಬಿಟ್ಟರು. ಫ್ರೀ ಫೈರ್ ಎಂಬುದು ಇದರ ತಮ್ಮನೆನ್ನಬಹುದು. ಐವತ್ತು ಮಂದಿಯ ಆಟ, ಬೇಗ ಮುಗಿಯುತ್ತದೆ.

ಲೆಕ್ಕ ಹಾಕಿರಿ. ನೂರು ಮಂದಿ ನಾಲ್ಕು ನಾಲ್ಕು ಜನರ 25 ತಂಡಗಳಾಗಿ ಇಳಿದರೆ 24 ತಂಡಗಳು ಸೋಲಲೇಬೇಕು. ಎಲ್ಲರೂ ಸಮಬಲರೆಂದು ಹಿಡಿದರೆ 25 ಆಟಕ್ಕೆ ಒಂದು ಗೆಲುವು. ಅಂದರೆ ಈ ಆಟದಲ್ಲಿ ಸೋಲು ದಿನಗೂಲಿ, ಗೆಲುವು ದೀಪಾವಳಿಯ ಬೋನಸ್ಸು. ಈ ಲೆಕ್ಕವನ್ನು ಹುಡುಗನ ಮುಂದೆ ಇಟ್ಟಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗ ನೋಡಿರಲಿಲ್ಲ" ಎಂದನು. ಸೋತಾಗಲೆಲ್ಲ ತನಗೆ ಮಾತ್ರ ಅನ್ಯಾಯವಾಯಿತೆಂದು ಅವನಿಗೆ ಅನಿಸುತ್ತಿತ್ತಂತೆ.

ಇದಲ್ಲದೆ ಅಂಕಗಳೆಂಬುದು ಒಂದಿದೆ. ಚೆನ್ನಾಗಿ ಆಡಿದರೆ ಅಂಕ ಏರಿ ಕಂಚಿನಿಂದ ಬೆಳ್ಳಿಗೆ, ಬೆಳ್ಳಿಯಿಂದ ಬಂಗಾರಕ್ಕೆ ದರ್ಜೆ ಏರುತ್ತದೆ. ಬೇಗ ಸತ್ತರೆ ಇಳಿಯುತ್ತದೆ. ವಾರವೆಲ್ಲ ನಿದ್ದೆಗೆಟ್ಟು ಏರಿಸಿದ್ದು ಒಂದು ರಾತ್ರಿಯಲ್ಲಿ ಇಳಿದುಹೋಗುತ್ತದೆ. ಸಹೋದರರೇ, ಇದು ನಮಗೆ ತಿಳಿಯದ ಸಂಗತಿಯೇ? ನೇಯ್ದ ಬಟ್ಟೆಯಲ್ಲಿ ದೋಷ ತೋರಿಸಿ ಕೂಲಿ ಕಡಿದಾಗ ನಮ್ಮ ಹೊಟ್ಟೆಯಲ್ಲಿ ಏನಾಗುತ್ತದೋ ಹುಡುಗನಿಗೂ ಅದೇ ಆಗುತ್ತದೆ. ಅದು ಬರೀ ಆಟ, ಅದಕ್ಕೇಕೆ ಇಷ್ಟು ಸಿಟ್ಟು ಎಂದು ಕೇಳುವವರು ಇದನ್ನು ಸ್ವಲ್ಪ ಆಲೋಚಿಸಿರಿ.

ನಾನು ಆಡಿದ ಕಥೆಯನ್ನೂ ಹೇಳಬೇಕಲ್ಲ. ಎರಡನೆಯ ನಿಮಿಷಕ್ಕೆ ನನ್ನನ್ನು ಯಾರೋ ಕೊಂದರು. ಗುಂಡು ಎಲ್ಲಿಂದ ಬಂತೆಂದೇ ಗೊತ್ತಾಗಲಿಲ್ಲ. ನಗಬೇಡಿರಿ, ನನ್ನ ಕಿವಿ ಬಿಸಿಯಾಯಿತು. ಇನ್ನೊಮ್ಮೆ ಕೊಡು ಎಂದೆನು. ಮತ್ತೂ ಒಮ್ಮೆ. ಐದನೆಯ ಸಲ ಸತ್ತಾಗ, ಈ ಮೊಬೈಲಿಗೆ ನೆಟ್‌ವರ್ಕೇ ಸರಿಯಿಲ್ಲ ಎಂದು ನಾನೇ ಬೈದೆನು. ಹುಡುಗನು ಬಿದ್ದು ಬಿದ್ದು ನಕ್ಕನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನ ಪ್ರಾಯದವರು ಲ್ಯಾಗ್ ಆಯಿತು ಅನ್ನುತ್ತಾರೆ, ಅಷ್ಟೇ. 66 ವರ್ಷದ ಮುದುಕನಿಗೆ ಅರ್ಧ ತಾಸಿನಲ್ಲಿ ಇಷ್ಟಾದರೆ, 12 ತಾಸು ಮಗ್ಗದ ಮುಂದೆ ನಿಂತು ಬಂದ ಹುಡುಗನಿಗೆ ನಡುರಾತ್ರಿಯಲ್ಲಿ ಏನಾಗಬಹುದು?

ಆಟದಲ್ಲಿ ಬಂದೂಕು ಇರುವುದರಿಂದಲೇ ಹುಡುಗರು ಸಿಡುಕರಾಗುತ್ತಾರೆಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ನಾನೂ ಹಾಗೆಯೇ ನಂಬಿದ್ದೆನು. ಆದರೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮತ್ತು ಅಮೆರಿಕದ ಸಂಶೋಧಕರು ಸೇರಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯೇ ಮಾತು ಕಂಡುಬಂತು. ಆಟ ಕೈಗೆ ಹತ್ತದೆ ಹೋದಾಗ, ನನ್ನಿಂದ ಆಗುವುದಿಲ್ಲವೆಂಬ ಭಾವನೆ ಬಂದಾಗ, ಸಿಟ್ಟು ಹುಟ್ಟುತ್ತದೆ. ಆಟದಲ್ಲಿ ಹೊಡೆದಾಟವಿದ್ದರೂ ಇಲ್ಲದಿದ್ದರೂ ಅದು ಹಾಗೆಯೇ. ಇಟ್ಟಿಗೆ ಜೋಡಿಸುವ ಟೆಟ್ರಿಸ್ ಎಂಬ ಸಾಧು ಆಟವನ್ನೂ ಬೇಕೆಂದೇ ಕಠಿಣ ಮಾಡಿ ಅವರು ಪರೀಕ್ಷಿಸಿದ್ದರು. ಆದಕಾರಣ ಬಂದೂಕನ್ನು ಬೈದು ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ಸೋಲಿನ ಜೊತೆಗೆ ಹೇಗೆ ಇರಬೇಕೆಂಬುದನ್ನು ಯಾರೂ ಹುಡುಗರಿಗೆ ಕಲಿಸಿಲ್ಲ, ಅದನ್ನು ನೋಡಬೇಕು.

ಹುಡುಗರ ಭಾಷೆಯಲ್ಲಿ ಇದಕ್ಕೆ ಟಿಲ್ಟ್ ಆಗುವುದು ಎನ್ನುತ್ತಾರೆ. ಈ ಮಾತು ಪಿನ್‌ಬಾಲ್ ಎಂಬ ಹಳೆಯ ಯಂತ್ರದಿಂದ ಬಂದದ್ದು. ಗಾಜಿನ ಕೆಳಗೆ ಉಕ್ಕಿನ ಗುಂಡು ಉರುಳುತ್ತದೆ, ಅದು ಕೆಳಗಿನ ತೂತಿಗೆ ಬೀಳದಂತೆ ಆಡುವವನು ತಡೆಯಬೇಕು. ಗುಂಡು ತಪ್ಪಿಹೋಗುವಾಗ ಜನ ಯಂತ್ರವನ್ನೇ ಹಿಡಿದು ಅಲ್ಲಾಡಿಸುತ್ತಿದ್ದರು. ಅದಕ್ಕಾಗಿ 1930ರ ದಶಕದಲ್ಲಿಯೇ ಅಮೆರಿಕದಲ್ಲಿ ಯಂತ್ರದೊಳಗೆ ಒಂದು ಉಪಾಯ ಮಾಡಿದರು: ಬಹಳ ಅಲ್ಲಾಡಿಸಿದರೆ ಯಂತ್ರ ಸ್ತಬ್ಧವಾಗುತ್ತದೆ, ಆ ಗುಂಡು ಹೋದ ಹಾಗೆಯೇ. ನಮ್ಮ ಮಗ್ಗದಲ್ಲಿ ಹೊಕ್ಕಿನ ನೂಲು ಹರಿದರೆ ಫೋರ್ಕ್ ಮಗ್ಗವನ್ನು ನಿಲ್ಲಿಸುತ್ತದಲ್ಲ, ಅದೇ ತರಹ. ನೂಲಿಲ್ಲದೆ ಬರೀ ಲಾಳಿ ಓಡಿದರೆ ಬಟ್ಟೆ ಆಗುವುದಿಲ್ಲವೆಂದು ಮಗ್ಗ ಮಾಡಿದವನಿಗೆ ಗೊತ್ತಿತ್ತು.

ಮೊಬೈಲಿನ ಆಟದಲ್ಲಿ ಆ ಫೋರ್ಕ್ ಇಲ್ಲ. ಸೋತು ಇನ್ನೂ ಉಸಿರು ಬಿಟ್ಟಿರುವುದಿಲ್ಲ, ಇನ್ನೊಂದು ಆಟದ ಗುಂಡಿ ಕಣ್ಣೆದುರು ಹೊಳೆಯುತ್ತದೆ. "ಇದೊಂದ, ಲಾಸ್ಟ್" ಎಂದು ಹುಡುಗ ಒತ್ತುತ್ತಾನೆ. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅಂಗೈ ಬೆವತಿರುತ್ತದೆ, ಬೆರಳು ಸರಿಯಾಗಿ ಓಡುವುದಿಲ್ಲ. ಅಂಥ ಕೈಯಿಂದ ಆಡಿದವನು ಮತ್ತೆ ಸೋಲುವುದೇ ಹೆಚ್ಚು. ನಮ್ಮ ಹುಡುಗನು ಆ ರಾತ್ರಿ ಮೊದಲನೆಯ ಸೋಲಿಗೆ ಮೊಬೈಲು ಒಗೆದಿರಲಿಲ್ಲ ಎಂಬುದನ್ನು ಗಮನಿಸಿರಿ. ನಾಲ್ಕನೆಯದಕ್ಕೆ ಒಗೆದನು.

ಸಿಟ್ಟು ಬಂದಾಗ ಅದನ್ನು ಹೊರಗೆ ಹಾಕಿಬಿಡಬೇಕು, ಕಿರುಚಿದರೆ, ದಿಂಬಿಗೆ ಗುದ್ದಿದರೆ ಹಗುರಾಗುತ್ತದೆ ಎಂಬ ಮಾತೊಂದು ಇದೆ. ಅದೂ ನಿಲ್ಲುವ ಮಾತಲ್ಲ. ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದವರು 154 ಅಧ್ಯಯನಗಳನ್ನು ಕೂಡಿಸಿ ನೋಡಿ 2024ರಲ್ಲಿ ಪ್ರಕಟಿಸಿದರು. ಮೈಯ ಕಾವನ್ನು ಇಳಿಸುವ ಕೆಲಸಗಳು, ಅಂದರೆ ನಿಧಾನವಾಗಿ ಉಸಿರಾಡುವುದು, ಮೈ ಸಡಿಲಬಿಟ್ಟು ಕುಳಿತುಕೊಳ್ಳುವುದು, ಧ್ಯಾನ ಮಾಡುವುದು, ಸಿಟ್ಟನ್ನು ಇಳಿಸುತ್ತವೆ. ಕಾವು ಏರಿಸುವ ಕೆಲಸಗಳಿಂದ ಒಟ್ಟಿನಲ್ಲಿ ಸಿಟ್ಟು ಇಳಿಯುವುದಿಲ್ಲ, ಓಡುವುದರಿಂದಂತೂ ಏರಿದ್ದೇ ಕಂಡಿತು. ಒಲೆಯ ಬೆಂಕಿ ಆರಲೆಂದು ಊದುಕೊಳವೆ ಹಿಡಿದರೆ ಏನಾಗುತ್ತದೆ, ನಮ್ಮ ತಾಯಂದಿರನ್ನು ಕೇಳಿರಿ.

ಇದನ್ನೆಲ್ಲ ಓದಿ ತಿಳಿದ ಮೇಲೆ ನನಗೆ ನೆನಪಾದದ್ದು ನನ್ನದೇ ಊರಿನ ಕುಸ್ತಿಯ ಕಣ. ಗಡಹಿಂಗ್ಲಜ ತಾಲೂಕಿನ ಪೂರ್ವದ ಹಳ್ಳಿಯವನು ನಾನು; ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಣದಲ್ಲಿ ಎರಡೂ. ಕೊಲ್ಹಾಪುರ ಸೀಮೆಯಲ್ಲಿ ಕುಸ್ತಿ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ರಾಜರ್ಷಿ ಶಾಹು ಮಹಾರಾಜರು ಯುರೋಪಿಗೆ ಹೋದಾಗ ರೋಮಿನ ಕ್ರೀಡಾಂಗಣವನ್ನು ನೋಡಿ ಬಂದು ಖಾಸಬಾಗ್ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ತೆರೆಯಿತು. ಸುತ್ತಲೂ ಎತ್ತರದಲ್ಲಿ ಜನ, ನಡುವೆ ಕೆಂಪು ಮಣ್ಣು, ಎಲ್ಲಿ ಕುಳಿತರೂ ಕಾಣುತ್ತದೆ. ನಮ್ಮ ಚಿಕ್ಕೋಡಿ ಭಾಗದ ಯಕ್ಸಂಬಾದಿಂದ ಹೋಗಿ ಕೊಲ್ಹಾಪುರದ ಮಣ್ಣಿನಲ್ಲಿ ಬೆಳೆದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಮೊದಲನೆಯ ಹಿಂದ್ ಕೇಸರಿಯಾದರು. ನನ್ನ ಚಿಕ್ಕಂದಿನಲ್ಲಿ ಗಡಿಯ ಈಚೆಗೂ ಆಚೆಗೂ ಪ್ರತಿ ಹುಡುಗನೂ ಅವರೇ ಆಗಲು ಹೊರಟವನು. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಓಣಿಯ ಹಿರಿಯರು ಅವತ್ತೆಲ್ಲ ಕುಸ್ತಿಯ ಮಾತನ್ನೇ ಆಡಿದರು.

1979ರಲ್ಲಿ ನಮ್ಮೂರ ಜಾತ್ರೆಯಲ್ಲಿ ನನ್ನ ಜೋಡಿ ಹತ್ತಿತು. ಎದುರಾಳಿ ಸಂಕೇಶ್ವರದ ಕಡೆಯ ಹುಡುಗ, ನನಗಿಂತ ಕುಳ್ಳ. ಊರ ಮಂದಿಯೆಲ್ಲ ನನ್ನ ಕಡೆ. ಮೂರು ನಿಮಿಷವೂ ಆಗಿರಲಿಕ್ಕಿಲ್ಲ, ಅವನು ಧೋಬಿ ಪಛಾಡ್ ಹಾಕಿದನು. ಅಗಸನು ಬಟ್ಟೆ ಒಗೆದ ಹಾಗೆ ನನ್ನನ್ನು ಬೆನ್ನ ಮೇಲಿಂದ ಒಗೆದನು. ಎರಡೂ ಹೆಗಲು ಮಣ್ಣಿಗೆ ಹತ್ತಿದವು. ಚೀತ್. ಹಲಗೆ ಬಡಿಯುವವರು ಅವನ ಸುತ್ತ ಕುಣಿದರು. ನಾನು ಎದ್ದೆನು, ಎದ್ದಾಗ ನನ್ನ ಮುಷ್ಟಿಯಲ್ಲಿ ಮಣ್ಣಿತ್ತು. ಅವನ ಮುಖಕ್ಕೆ ಎರಚಬೇಕೆಂದು ಕೈ ಎತ್ತಿದ್ದೆನು. ವಸ್ತಾದರು ಯಾವಾಗ ಕಣಕ್ಕಿಳಿದಿದ್ದರೋ ಕಾಣೆ, ಹಿಂದಿನಿಂದ ಬಂದು ಮಣಿಕಟ್ಟು ಹಿಡಿದರು. ದೊಡ್ಡ ದನಿ ಇಲ್ಲ. ಕಿವಿಯಲ್ಲಿ, "ಹಿಡಿದ ಮಣ್ಣ ಹಣೀಗೆ ಹಚ್ಚಿಕೊ" ಎಂದರು.

ಹಚ್ಚಿಕೊಂಡೆನು. ಆಮೇಲೆ ನನ್ನ ಕೈಯನ್ನು ಬಿಡದೆ ಆ ಹುಡುಗನ ಹತ್ತಿರ ಕರೆದುಕೊಂಡು ಹೋಗಿ, ಅವನ ಕೈಯನ್ನು ನನ್ನಿಂದಲೇ ಮೇಲೆತ್ತಿಸಿದರು. ಊರಿನ ಹಿರಿಯರು ಗೆದ್ದವನಿಗೆ 11 ರೂಪಾಯಿ, ಸೋತವನಿಗೆ 5 ರೂಪಾಯಿ ಕೊಟ್ಟರು. ಅಲ್ಲಿಂದ ಬಾವಿಗೆ. ಮೈಮೇಲೆ ಕೊಡ ಕೊಡ ನೀರು ಸುರಿಸಿದರು. ದಾರಿಯುದ್ದಕ್ಕೂ ಕುಸ್ತಿಯ ಒಂದು ಮಾತಿಲ್ಲ, ಜೋಳದ ಬೆಳೆಯ ಮಾತು ಆಡಿದರು. ಮರುದಿನ ಬೆಳಿಗ್ಗೆ ಗರಡಿಮನೆಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ನಿನ್ನ ಕಾಲ ಸಡಲ ಆದದ್ದು ಯಾವಾಗ?" ಅವನು ಮೋಸ ಮಾಡಿದನೇ, ಮಣ್ಣು ಜಾರುತ್ತಿತ್ತೇ, ಅದೇನೂ ಕೇಳಲಿಲ್ಲ.

ಆ ಹೊತ್ತಿನಲ್ಲಿ ಇದೆಲ್ಲ ನನಗೆ ಬರೀ ರೂಢಿಯೆನಿಸಿತ್ತು. 46 ವರ್ಷ ಕಳೆದ ಮೇಲೆ ಅಟ್ಟದ ಮೇಲೆ ಒಡೆದ ಮೊಬೈಲು ನೋಡಿದಾಗ ತಿಳಿಯಿತು, ಸೋತವನ ಮೊದಲ ಹತ್ತು ನಿಮಿಷವನ್ನು ಅವನ ಕೈಗೇ ಬಿಡಬಾರದೆಂದು ಹಳಬರು ಸುತ್ತಲೂ ಬೇಲಿ ಹಾಕಿದ್ದರು. ಹಿಡಿಯಲು ಒಬ್ಬ ಮನುಷ್ಯ, ಮುಟ್ಟಲು ಎದುರಾಳಿಯ ಕೈ, ಮೈಗೆ ತಣ್ಣೀರು, ಐದು ರೂಪಾಯಿಯ ಮರ್ಯಾದೆ. ಒಂದು ದಿನಕ್ಕೆ ಒಂದೇ ಕುಸ್ತಿ. ನಮ್ಮ ಹುಡುಗನಿಗೆ ಇದರಲ್ಲಿ ಯಾವುದಿದೆ? ಅವನನ್ನು ಸೋಲಿಸಿದವನ ಮುಖ ಅವನಿಗೆ ಕಾಣುವುದಿಲ್ಲ. ಅವನು ದೇಶದ ಯಾವ ಮೂಲೆಯಲ್ಲಿದ್ದಾನೋ ಗೊತ್ತಿಲ್ಲ. ಕಿವಿಯ ಇಯರ್‌ಫೋನಿನಲ್ಲಿ ಬರುವುದು ಬೈಗುಳ. ನಡುರಾತ್ರಿ, ಒಂಟಿ, ಬಾಗಿಲು ಹಾಕಿದ ಅಟ್ಟ.

ಹಳೆಯದೆಲ್ಲ ಬಂಗಾರವೆಂದು ನಾನು ಹೇಳುತ್ತಿಲ್ಲ. ಕೊಲ್ಹಾಪುರದ ತಾಲೀಮುಗಳೇ ಫುಟ್ಬಾಲ್ ತಂಡಗಳನ್ನೂ ಕಟ್ಟಿವೆ, ಶಾಹು ಸ್ಟೇಡಿಯಮ್ಮಿನಲ್ಲಿ ಆಡುತ್ತವೆ. ಅಲ್ಲಿ ಸೋತ ಸಿಟ್ಟನ್ನು ಮೈದಾನದ ಹೊರಗೆ ಪೇಟೆಯವರೆಗೆ ಹೊತ್ತು ತಂದ ಬೆಂಬಲಿಗರೂ ಇದ್ದಾರೆ. ಆಡಿದವನಿಗಿಂತ ನೋಡಿದವನಿಗೇ ಸಿಟ್ಟು ಹೆಚ್ಚು, ಇದು ನನಗೆ ಎಂದಿಗೂ ಅರ್ಥವಾಗದ ಸಂಗತಿ. ಗಡಹಿಂಗ್ಲಜದಲ್ಲಿಯೂ ಫುಟ್ಬಾಲಿನ ಹುಚ್ಚು ಬಹಳ. ಅಲ್ಲಿ ನನ್ನ ತಂಗಿಯ ಮಗನು ಗೋಲ್‌ಕೀಪರ್ ಆಗಿದ್ದನು. ಗೋಲು ಬಿದ್ದರೆ ಬಲೆಯೊಳಗಿನ ಚೆಂಡನ್ನು ತಾನೇ ಬಗ್ಗಿ ಎತ್ತಿಕೊಡುತ್ತಿದ್ದನು. ಯಾಕೆಂದು ಕೇಳಿದರೆ, "ಬಗ್ಗಿದರ ಉಸಿರು ಒಂದ ಸಲ ಕೆಳಗ ಹೊಕ್ಕೈತಿ ಮಾಮಾ" ಅನ್ನುತ್ತಿದ್ದನು. ಓಹಾಯೋದವರಿಗಿಂತ ಮೊದಲೇ ಅವನಿಗೆ ಅದು ತಿಳಿದಿತ್ತು.

ಇನ್ನು ಖಾಶಾಬಾ ಜಾಧವರ ಮಾತು. ಕರಾಡದ ಹತ್ತಿರದ ಗೋಳೇಶ್ವರದವರು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದವರು. ಅವರ ಗೆಲುವಿನ ಕಥೆ ನಿಮಗೆ ಗೊತ್ತಿದೆ. ನಾನು ಅವರ ಸೋಲುಗಳನ್ನು ಹೇಳುತ್ತೇನೆ. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರು ಮಣ್ಣಿನ ಪೈಲವಾನರು, ಅಲ್ಲಿ ಕುಸ್ತಿ ನಡೆದದ್ದು ಮ್ಯಾಟಿನ ಮೇಲೆ. ನಿಯಮಗಳೂ ಹೊಸವು. ಆರನೆಯ ಸ್ಥಾನಕ್ಕೆ ನಿಂತರು. ಮಣ್ಣು ಇರಲಿಲ್ಲ, ಅದಕ್ಕೆ ಸೋತೆ ಎಂದು ಹೇಳಿ ಮನೆಯಲ್ಲಿ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ನಾಲ್ಕು ವರ್ಷ ತಯಾರಿ ಮಾಡಿದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದಾಗ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು.

ಹೆಲ್ಸಿಂಕಿಯಲ್ಲಿ ಮೊದಲಿನ ಕುಸ್ತಿಗಳನ್ನು ಗೆದ್ದು ಜಪಾನಿನ ಶೊಹಾಚಿ ಇಶಿಯವರೊಡನೆ ಬಹಳ ಹೊತ್ತು ಹೋರಾಡಿ ಸೋತರು. ಮೈಯ ಬೆವರು ಆರುವ ಮೊದಲೇ ಸೋವಿಯತ್ ದೇಶದ ಪೈಲವಾನನ ಜೊತೆ ಇಳಿಯಬೇಕೆಂದು ಕರೆದರು. ನಡುವೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಅದನ್ನು ಕೇಳಿ ಪಡೆಯಲು ಭಾರತದ ಅಧಿಕಾರಿಯೊಬ್ಬರೂ ಅಲ್ಲಿ ಇರಲಿಲ್ಲ. ದಣಿದ ಮೈಯಿಂದಲೇ ಇಳಿದು ಸೋತರು. ಕಂಚಿನ ಪದಕ ಬಂತು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದ ಮೊದಲನೆಯ ಒಲಿಂಪಿಕ್ ಪದಕ. ಊರಿಗೆ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಅದಾದ ಮೇಲೆ ಅವರು ಕೊಲ್ಹಾಪುರದಲ್ಲಿ ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಖರ್ಡೇಕರರ ಮನೆಯನ್ನು ಬಿಡಿಸಿಕೊಟ್ಟರು.

ಅವರಿಗೆ ಅನ್ಯಾಯವಾಗಲಿಲ್ಲವೇ? ಆಯಿತು. ಎಲ್ಲ ಸಿಟ್ಟೂ ತಪ್ಪೆಂದು ನಾನು ಹೇಳಲಾರೆನು. ಆಟದಲ್ಲಿ ಹ್ಯಾಕ್ ಹಾಕಿಕೊಂಡು ಗೋಡೆಯಾಚೆಯಿಂದ ಹೊಡೆಯುವ ಮೋಸಗಾರರು ಇದ್ದಾರೆ. ಅಂಥವನ ಮೇಲೆ ದೂರು ಕೊಡುವ ಗುಂಡಿ ಆಟದಲ್ಲಿಯೇ ಇದೆ; ಅದನ್ನು ಒತ್ತಿ ಹೊರಗೆ ಬರಬೇಕು. ನನ್ನ ಕೂಲಿ ಕೊಡದವರ ಮೇಲೆ ನನಗೆ ಬಂದ ಸಿಟ್ಟೂ ನ್ಯಾಯವಾದದ್ದೇ. ಆದರೆ ಅದನ್ನು ನಾನು ಒಯ್ಯಬೇಕಾದ ವಿಳಾಸಕ್ಕೆ ಒಯ್ಯಲಿಲ್ಲ. ಮರುವಾರ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಶಾಂತವಾಗಿ ಕುಳಿತು ಕೇಳಿದೆನು, ಎರಡು ಕಂತಿನಲ್ಲಿ ಕೊಟ್ಟರು. ಹುಡುಗನ ಕೆನ್ನೆಯ ಮೇಲೆ ಆ ಲೆಕ್ಕ ತೀರುವಂತಿರಲಿಲ್ಲ.

ಈಗ ಮನೆಯಲ್ಲಿ ನಾವು ಏನು ಮಾಡಿಕೊಂಡೆವು ಎಂಬುದು. ಮೊದಲು ನಾನು ಕ್ಷಮೆ ಕೇಳಿದೆನು. ಅಜ್ಜನಾದವನು ಮೊಮ್ಮಗನ ಕ್ಷಮೆ ಕೇಳುವುದು ನಮ್ಮಲ್ಲಿ ರೂಢಿಯಿಲ್ಲ. ಹುಡುಗನಿಗೇ ನಾಚಿಕೆಯಾಗಿ, "ಬಿಡ ಅಜ್ಜಾ" ಎಂದು ಎದ್ದು ಹೋದನು. ಸಂಜೆ ತಾನಾಗಿಯೇ ಬಂದು ಕುಳಿತನು. ಇಬ್ಬರೂ ಸೇರಿ ಒಂದು ಫೋರ್ಕ್ ಮಾಡಿದೆವು. ಒಂದರ ಹಿಂದೆ ಒಂದು ಎರಡು ಸೋಲಾದರೆ ಮೊಬೈಲನ್ನು ಕೈಯಿಂದ ಬಿಟ್ಟು ನೆಲದ ಮೇಲೆ ಇಡುವುದು. ಕಿಸೆಯಲ್ಲಿ ಅಲ್ಲ, ದಿಂಬಿನ ಕೆಳಗೂ ಅಲ್ಲ, ನೆಲದ ಮೇಲೆ. ನೆಲದಿಂದ ಒಗೆಯಲು ಬಗ್ಗಬೇಕಾಗುತ್ತದೆ. ಆಮೇಲೆ ಕೆಳಗಿಳಿದು ಬಂದು ಮುಖಕ್ಕೆ ನೀರು ಹಾಕಿಕೊಂಡು ಒಂದು ಲೋಟ ನೀರು ಕುಡಿಯುವುದು. ಮೆಟ್ಟಿಲು ಇಳಿದು ಹತ್ತುವಷ್ಟರಲ್ಲಿ ಹತ್ತು ನಿಮಿಷ ಆಗುತ್ತದೆ. ಯಾಕೆ ಸೋತೆ ಎಂಬ ವಿಚಾರ ಆ ರಾತ್ರಿ ಬೇಡ. ಮರುದಿನ ಚಹದ ಹೊತ್ತಿಗೆ ವಸ್ತಾದರ ಒಂದೇ ಪ್ರಶ್ನೆ: ಕಾಲು ಸಡಿಲಾದದ್ದು ಯಾವಾಗ? ನೆಟ್‌ವರ್ಕಿನ ಹೆಸರು ಎತ್ತುವ ಹಾಗಿಲ್ಲ. ಹಸಿದ ಹೊಟ್ಟೆಯಲ್ಲಿ ಆಡುವುದೂ ಇಲ್ಲ. ಇದನ್ನು ನನ್ನ ಹೆಂಡತಿ ಸೇರಿಸಿದಳು, ಅವಳ ಮಾತೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಸೂರ್ಯ ಮುಳುಗುವುದರೊಳಗೆ ಸಿಟ್ಟು ಬಿಡಬೇಕೆಂದು ಎಫೆಸದ ಸಭೆಗೆ ಪೌಲನು ಬರೆದದ್ದು ನಿಮಗೆ ಗೊತ್ತಿದೆ. ರಾತ್ರಿ ಪಾಳಿಯವರೊಬ್ಬರು ಒಮ್ಮೆ ನನ್ನನ್ನು ಕೇಳಿದರು, ನಮಗೆ ಸೂರ್ಯ ಮುಳುಗಿದಾಗಲೇ ದಿನ ಆರಂಭವಾಗುತ್ತದೆ, ನಾವು ಯಾವಾಗ ಬಿಡಬೇಕು ಎಂದು. ನಿಮ್ಮ ಪಾಳಿ ಮುಗಿದು ಮನೆಯ ಹೊಸ್ತಿಲು ದಾಟುವ ಮೊದಲು ಎಂದು ಹೇಳಿದ್ದೆನು. ಹೇಳುವುದು ಸುಲಭ, ನೋಡಿದಿರಲ್ಲ.

ತಂದೆತಾಯಂದಿರಿಗೆ ಒಂದು ಮಾತು. ಹುಡುಗ ಆಡುತ್ತಿರುವಾಗ ನಡುವೆಯೇ ಮೊಬೈಲು ಕಸಿದುಕೊಳ್ಳಬೇಡಿರಿ. ಲಾಳಿ ಹಾಸಿನ ನಡುವೆ ಸಿಕ್ಕಿಕೊಂಡಾಗ ಹೊಸಬನು ಎಳೆದುಬಿಡುತ್ತಾನೆ, ನೂರಾರು ಎಳೆ ಒಮ್ಮೆಲೇ ಹರಿಯುತ್ತವೆ. ಹರಿಯಲು ಒಂದು ಕ್ಷಣ, ಒಂದೊಂದೇ ಎಳೆ ಗಂಟು ಹಾಕಿ ಜೋಡಿಸಲು ಅರ್ಧ ದಿನ. ತಿಳಿದವನು ಮಗ್ಗ ನಿಲ್ಲಿಸಿ ಕೈಯಿಂದ ಮೆಲ್ಲಗೆ ತಿರುಗಿಸುತ್ತಾನೆ. 2019ರಲ್ಲಿ ಬೆಳಗಾವಿಯ ಹತ್ತಿರದ ಒಂದು ಮನೆಯಲ್ಲಿ ಈ ಆಟದ ಜಗಳ ತಂದೆಯ ಪ್ರಾಣವನ್ನೇ ತೆಗೆದುಕೊಂಡಿತು. ಆಟ ಒಂದರಿಂದಲೇ ಅಂಥದ್ದು ಆಗುತ್ತದೆಂದು ನಾನು ಹೇಳುವುದಿಲ್ಲ, ಒಳಗೆ ಬೇರೆ ಬೇನೆಗಳಿರುತ್ತವೆ. ಆದರೆ ಸಿಟ್ಟಿನ ಹೊತ್ತಿನಲ್ಲಿ ಕಸಿದುಕೊಳ್ಳುವ ಕೈ ಎಂಥ ಅಪಾಯಕ್ಕೆ ಹೋಗುತ್ತದೆಂಬುದು ನಮಗೆ ಗೊತ್ತಿರಲಿ. ಆಟ ಮುಗಿಯುವವರೆಗೆ ತಾಳಿರಿ, ಮಾತು ಬೆಳಿಗ್ಗೆ ಆಡಿರಿ.

ನಿದ್ದೆ ಬಿಟ್ಟು, ಕೆಲಸ ಬಿಟ್ಟು, ತಿಂಗಳುಗಟ್ಟಲೆ ಆಟವೇ ಆಗಿ, ನಿಲ್ಲಿಸಲು ಹೋದರೆ ಮೈಮೇಲೆ ಬರುವ ಹಂತಕ್ಕೆ ಹೋಗಿದ್ದರೆ ಅದು ಮನೆಯ ಉಪಾಯಕ್ಕೆ ಬಗ್ಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ 2014ರಿಂದ ಒಂದು ವಿಭಾಗವಿದೆ. ಅಷ್ಟು ದೂರ ಹೋಗಲಾರದವರು ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನು ಮಾಡಿರಿ. ಹಣವಿಲ್ಲ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡುತ್ತಾರೆ. ಹಣ ಕಟ್ಟಿ ಆಡುವ ರಮ್ಮಿ ಮೊದಲಾದವುಗಳ ಸಂಗತಿ ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅದರಲ್ಲಿ ಸೋತು ಸಾಲ ಮಾಡಿಕೊಂಡವರಿದ್ದರೆ ಕೂಟ ಮುಗಿದ ಮೇಲೆ ಒಬ್ಬರೇ ಬಂದು ನನ್ನನ್ನು ಕಾಣಿರಿ, ನಾಲ್ಕು ಜನರ ಮುಂದೆ ಕೇಳುವುದಿಲ್ಲ.

ನಮ್ಮ ಹುಡುಗನು ಈಗ ಸೋಲುವುದಿಲ್ಲವೇ ಎಂದು ಕೇಳುವಿರಿ. ದಿನಾಲೂ ಸೋಲುತ್ತಾನೆ. ಕಿರುಚುವುದೂ ಪೂರ್ತಿ ನಿಂತಿಲ್ಲ. ಆದರೆ ಹೋದ ತಿಂಗಳು ಒಂದು ರಾತ್ರಿ ಮೆಟ್ಟಿಲ ಸದ್ದಾಯಿತು, ಕೊಡದಿಂದ ನೀರು ತುಂಬಿಕೊಳ್ಳುವ ಸದ್ದಾಯಿತು, ನಾನು ಕಣ್ಣು ಮುಚ್ಚಿಕೊಂಡೇ, "ಎಷ್ಟು?" ಎಂದೆನು. "ಎರಡು" ಎಂದನು. ಮತ್ತೆ ಮೇಲೆ ಹೋಗಿ ದೀಪ ಆರಿಸಿದನು. ಒಡೆದ ಗಾಜಿನ ಮೊಬೈಲನ್ನೇ ಇನ್ನೂ ನಡೆಸುತ್ತಿದ್ದಾನೆ. ಕಂತು ತೀರಿದ ಮೇಲೆ ಗಾಜು ಹಾಕಿಸೋಣ ಎಂದೆನು. ಈಗಲೇ ಬೇಡ, ಇರಲಿ ಅನ್ನುತ್ತಾನೆ.

ಹೊತ್ತಾಯಿತು. ಚಹಾ ತಯಾರಾಗಿದೆ ಎಂದು ಒಳಗಿನಿಂದ ಸನ್ನೆ ಮಾಡುತ್ತಿದ್ದಾರೆ. ಹಿಂದಿನ ಕೋಣೆಯಲ್ಲಿ ಕೇರಂ ಹಲಗೆ ಹಾಕಿಸಿದ್ದೇವೆ. ತರುಣರು ಹೋಗುವ ಅವಸರ ಮಾಡಬೇಡಿರಿ, ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿರಿ. ನಾನೂ ಆಡುವವನಿದ್ದೇನೆ. ಸೋತು ನಾನು ಹಲಗೆ ಡೊಂಕು ಎಂದರೆ, ನನ್ನ ಮೊಮ್ಮಗ ಅಲ್ಲೇ ಇರುತ್ತಾನೆ, ನೀರು ತಂದುಕೊಡಲು ಹೇಳಿರಿ.